ಓದಿಗೆ ಜಾಮೀನು ಯಾರು?

1995ರಲ್ಲಿ ನಾನು ಪಿಎಚ್.ಡಿ. ವಿದ್ಯಾರ್ಥಿ. ವಿಷಯ, ಕೋಲಾರ ಚಿನ್ನದ ಗಣಿಯ ಕೂಲಿಗಳ ಚರಿತ್ರೆ. ನಮ್ಮ ತಾತ ಅದೇ ಗಣಿಗೆ ಇಳಿದು ಹತ್ತಿದವನು. 1880ರಿಂದ ಅಲ್ಲಿ ಗಣಿಗಾರಿಕೆ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಮೂಲ ಇದ್ದದ್ದು ಲಂಡನ್ನಿನಲ್ಲಿ. ಚಿನ್ನ ಹೋದ ದಾರಿಯಲ್ಲೇ ಕಾಗದವೂ ಹೋಗಿತ್ತು. ನಮ್ಮ ಮೇಷ್ಟ್ರು ಒಂದು ದಿನ, "ನೋಡಪ್ಪ, ಇಲ್ಲಿರೋದು ಅರ್ಧ ಕತೆ. ಇನ್ನರ್ಧ ಲಂಡನ್ನಿನ ಇಂಡಿಯಾ ಆಫೀಸಿನ ದಾಖಲೆಗಳಲ್ಲಿದೆ. ಹೋಗಿ ನೋಡ್ಕೊಂಡು ಬಾ" ಅಂದರು.

ಆಗ ಒಂದು ಸಂಸ್ಥೆ ಸಂಶೋಧನಾ ವಿದ್ಯಾರ್ಥಿಗಳಿಗೆ ಆರು ತಿಂಗಳು ಹೊರದೇಶದಲ್ಲಿ ಕೂತು ಓದಲು ಹಣ ಕೊಡುತ್ತಿತ್ತು. ಅರ್ಜಿ ಹಾಕಿದೆ. ಆಯ್ಕೆಯೂ ಆಯಿತು. ಆಮೇಲೆ ಬಂದ ಕಾಗದದಲ್ಲಿ ಒಂದು ಷರತ್ತಿತ್ತು: ಕರಾರು ಪತ್ರಕ್ಕೆ ಆಸ್ತಿಯುಳ್ಳ ಇಬ್ಬರು ಜಾಮೀನು ಹಾಕಬೇಕು. ನಮ್ಮ ಕೇರಿಯಲ್ಲಿ ಆಸ್ತಿ ಅಂತ ಇದ್ದದ್ದು ತೋಟಿ ಇನಾಮ್ತಿಯ ಒಂದೂವರೆ ಎಕರೆ. ಅದರ ಪಹಣಿ ಇನ್ನೂ ನಮ್ಮ ಹೆಸರಿಗೆ ಬಂದಿರಲಿಲ್ಲ. ಊರಿನ ಜಮೀನ್ದಾರರ ಹತ್ತಿರ ಹೋದರೆ, "ಓದ್ಕೊಂಡು ಬಂದು ಉದ್ಧಾರ ಆಗಪ್ಪ, ಸೈನು ಮಾತ್ರ ಕೇಳಬ್ಯಾಡ" ಅಂದರು. ವಿಷಯ ಕೇಳಿದ ಚಿಕ್ಕಪ್ಪ ಬೀಡಿ ಆರಿಸಿ ಹೇಳಿದ: "ಅಲ್ಲ ಕಣಯ್ಯ, ನಮ್ಮಪ್ಪ ಹೆಬ್ಬೆಟ್ಟು ಒತ್ತಿದ ಕಾಗದ ನೋಡೋಕೆ ನಾವು ಇನ್ನೊಂದು ಹೆಬ್ಬೆಟ್ಟು ಒತ್ತಬೇಕಾ?"

ಚಿಕ್ಕಪ್ಪನಿಗೆ ಗೊತ್ತಿದ್ದೇ ಆಡಿದ ಮಾತು ಅದು. 1930ರಲ್ಲಿ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದೇ ಬೆರಳಚ್ಚಿನ ನೋಂದಣಿಯ ವಿರುದ್ಧ. ಜಾಮೀನು ಸಿಗಲಿಲ್ಲ, ಗಡುವು ಮುಗಿಯಿತು. ಅರ್ಧ ಕತೆಯಲ್ಲೇ ನನ್ನ ಪ್ರಬಂಧ ಮುಗಿಯಿತು. ಡಾಕ್ಟರೇಟ್ ಪೂರ್ತಿಯಾಗೇ ಬಂತು ಅನ್ನಿ.

ಈ ಸ್ವಂತದ ಗೋಳು ಯಾಕೆ ಹೇಳಿದೆನೆಂದರೆ, ದಲಿತ ವಿಮರ್ಶೆ ಎಂದ ಕೂಡಲೇ ನಾವು ಅನುಭವ, ಆಕ್ರೋಶ, ಭಾಷೆ, ಅಸ್ಮಿತೆ ಎಂದು ಮಾತು ಶುರುಮಾಡುತ್ತೇವೆ. ಓದಿನ ಖರ್ಚು ಯಾರು ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂದು ಕೇಳುವುದಿಲ್ಲ. ಅನುಭವ ನಮ್ಮ ಕೇರಿಯಲ್ಲೇ ಸಿಗುತ್ತದೆ, ಯಾರೂ ಕಸಿಯಲಾರರು. ಆದರೆ ಅದನ್ನು ಚರಿತ್ರೆಯ ಎದುರು ನಿಲ್ಲಿಸಿ ವಾದಿಸಲು ಗ್ರಂಥಾಲಯ ಬೇಕು, ಬಿಡುವು ಬೇಕು, ಹೊಟ್ಟೆಗೆ ಹಿಟ್ಟು ಬೇಕು. ನಮ್ಮ ವಿಮರ್ಶೆಯ ಮೊದಲ ದೊಡ್ಡ ಪಠ್ಯವೇ ಹೊರದೇಶದ ವಿದ್ಯಾರ್ಥಿವೇತನದ ಮೇಲೆ ಬರೆದದ್ದು. ಆ ಲೆಕ್ಕವನ್ನು ಒಮ್ಮೆ ಬಿಚ್ಚಿ ನೋಡೋಣ.

ಭೀಮರಾವ್ ಅಂಬೇಡ್ಕರ್ ಅವರಿಗೆ ಬಿ.ಎ. ಓದುವಾಗಲೇ ಬರೋಡೆಯ ಸಯಾಜಿರಾವ್ ಗಾಯಕವಾಡರ ನೆರವಿತ್ತು. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಜೂನ್ 4ರಂದು ಅವರು ಬರೋಡೆ ಸಂಸ್ಥಾನದೊಂದಿಗೆ ಒಂದು ಕರಾರಿಗೆ ಸಹಿ ಹಾಕಿದರು: ಅಮೆರಿಕದಲ್ಲಿ ಓದು ಮುಗಿಸಿ ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು. ಬದಲಿಗೆ ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷ ವಿದ್ಯಾರ್ಥಿವೇತನ. ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ಸೇರಿ ಕೊಲಂಬಿಯಾ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದರು.

ಆ ಹಣದಲ್ಲಿ ಅವರು ಕೊಂಡದ್ದು ಸಮಯವನ್ನು. ಅರ್ಥಶಾಸ್ತ್ರ, ಚರಿತ್ರೆ, ಸಮಾಜಶಾಸ್ತ್ರ, ತತ್ವಶಾಸ್ತ್ರ, ಮಾನವಶಾಸ್ತ್ರ ಎಂದು ಸಿಕ್ಕ ತರಗತಿಗೆಲ್ಲ ಹೋಗಿ ಕೂತರು. 1915ರಲ್ಲಿ ಎಂ.ಎ. ಆಯಿತು. 1916ರ ಮೇ 9ರಂದು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ 'ಕ್ಯಾಸ್ಟ್ಸ್ ಇನ್ ಇಂಡಿಯಾ' ಪ್ರಬಂಧ ಓದಿದರು. ವಯಸ್ಸು 25. ಹೆಣ್ಣಿನ ಮೇಲಿನ ಹತೋಟಿಯಿಂದಲೇ ಜಾತಿ ತನ್ನ ಬೇಲಿ ಕಟ್ಟಿಕೊಳ್ಳುತ್ತದೆ ಎಂದು ಅಲ್ಲಿ ವಾದಿಸಿದರು. ಜಾತಿಯನ್ನು ದೇವರು ಮಾಡಿದ ವ್ಯವಸ್ಥೆ ಎನ್ನದೆ, ಮನುಷ್ಯರು ಮಾಡಿದ, ಮುರಿಯಬಹುದಾದ ಸಂಗತಿಯಾಗಿ ನೋಡಿದ ಬರಹ ಅದು. ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತಿದ್ದ ಹುಡುಗ ಒಂದೇ ಮೇಜಿನ ಸುತ್ತ ಎಲ್ಲರೊಡನೆ ಕೂತು ಅದನ್ನು ಓದಿದ. ಆ ದೂರವಿಲ್ಲದೆ ಆ ನೋಟ ಅಷ್ಟು ಬೇಗ ಬರುತ್ತಿತ್ತೇ? ನನಗೆ ಅನುಮಾನ.

ಆದರೆ ಕೊಟ್ಟ ಕೈ ಲೆಕ್ಕವನ್ನೂ ಇಡುತ್ತದೆ. 1916ರಲ್ಲಿ ಅಂಬೇಡ್ಕರ್ ಲಂಡನ್ನಿಗೆ ಹೋಗಿ ಗ್ರೇಸ್ ಇನ್ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಎರಡನ್ನೂ ಸೇರಿದರು. ವಿದ್ಯಾರ್ಥಿವೇತನದ ಅವಧಿ ಮುಗಿಯಿತು. 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ವಾಪಸು ಹೊರಡಬೇಕಾಯಿತು. ಮೊದಲ ಮಹಾಯುದ್ಧದ ಕಾಲ. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಸಾಮಾನು, ಪುಸ್ತಕಗಳ ಸಮೇತ, ಟಾರ್ಪೆಡೊಗೆ ಸಿಕ್ಕಿ ಸಮುದ್ರದ ಪಾಲಾಯಿತು. ಆ ನಷ್ಟಕ್ಕೆ ಬಂದ ಪರಿಹಾರದ ಹಣದಿಂದಲೇ ಬರೋಡೆಗೆ ಹೋಗುವ ಖರ್ಚು ಹೊಂದಿತು ಎಂದು ಜೀವನಚರಿತ್ರೆ ಹೇಳುತ್ತದೆ.

ಕರಾರಿನಂತೆ ಬರೋಡೆಗೆ ಹೋದರು. ಇರಲು ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಬೇರೆ ಹೆಸರಿನಲ್ಲಿ ಉಳಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತಾರು ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಕಾಮಾಟಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಕೂತು ರೈಲಿನ ಹೊತ್ತಿಗೆ ಕಾದರು. ಇದನ್ನು 'ವೇಯ್ಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ತುಣುಕಿನಲ್ಲಿ ಅವರೇ ಬರೆದಿದ್ದಾರೆ. ಆ ಹೆಸರು ನೋಡಿ! ಅಮೆರಿಕಕ್ಕೂ ಇಂಗ್ಲೆಂಡಿಗೂ ಹೋಗಿಬಂದವರಿಗೆ ತಮ್ಮ ದೇಶದ ಒಂದು ಊರಿಗೆ ರಹದಾರಿ ಇರಲಿಲ್ಲ. ಹತ್ತು ವರ್ಷದ ಸೇವೆ ಕೇಳಿದ ಸಂಸ್ಥಾನಕ್ಕೆ ಹತ್ತು ದಿನದ ಸೂರು ಕೊಡಿಸಲು ಆಗಲಿಲ್ಲ. ಕರಾರು ಯಾವಾಗಲೂ ಒಂದೇ ಕಡೆಯವರನ್ನು ಕಟ್ಟುತ್ತದೆ.

ಗಾಯಕವಾಡರನ್ನು ಹಳಿಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಅಂಬೇಡ್ಕರ್ ಋಣ ಮರೆತವರಲ್ಲ. 1925ರಲ್ಲಿ ಅಚ್ಚಾದ 'ದಿ ಎವಲ್ಯೂಷನ್ ಆಫ್ ಪ್ರಾವಿನ್ಷಿಯಲ್ ಫೈನಾನ್ಸ್ ಇನ್ ಬ್ರಿಟಿಷ್ ಇಂಡಿಯಾ' ಪುಸ್ತಕವನ್ನು ಸಯಾಜಿರಾವ್ ಅವರಿಗೇ ಅರ್ಪಿಸಿದರು. ಕೊಲಂಬಿಯಾ 1927ರಲ್ಲಿ ಪಿಎಚ್.ಡಿ. ಕೊಟ್ಟದ್ದು ಆ ಕೃತಿಗೆ. ಒಳ್ಳೆಯ ಅರಸನ ಕೃಪೆ ಒಳ್ಳೆಯದೇ. ಆದರೆ ಕೃಪೆಗೆ ಮನೆ ಬಾಗಿಲು ತೆಗೆಸುವ ಶಕ್ತಿ ಇರುವುದಿಲ್ಲ.

ಎರಡನೆಯ ಪಯಣದ ಲೆಕ್ಕ ಇನ್ನೂ ಕಷ್ಟದ್ದು. ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣ, ಗೆಳೆಯ ನವಲ್ ಭಥೇನ ಕೊಟ್ಟ ಸಾಲ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಹೀಗೆ ತೇಪೆ ಹಾಕಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಬ್ರಿಟಿಷ್ ಮ್ಯೂಸಿಯಮ್ಮಿನ ಓದುಕೋಣೆಯ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಮುಚ್ಚುವ ಹೊತ್ತಿಗೆ ಏಳುತ್ತಿದ್ದರು. ರಾತ್ರಿಯ ಹಸಿವಿಗೆ ಹಪ್ಪಳ. 1921ರಲ್ಲಿ ಎಂ.ಎಸ್ಸಿ. ಆಯಿತು. ಆಮೇಲೆ 'ದಿ ಪ್ರಾಬ್ಲಂ ಆಫ್ ದಿ ರುಪೀ' ಪ್ರಬಂಧ ಸಲ್ಲಿಸಿದರು. ಪರೀಕ್ಷಕರು ತಿದ್ದಿ ಕೊಡಿ ಎಂದರು. ತಿದ್ದಲು ತಲೆ ಇತ್ತು, ಅಲ್ಲಿ ಉಳಿಯಲು ಕಾಸಿರಲಿಲ್ಲ. 1923ರಲ್ಲಿ ಊರಿಗೆ ಬಂದು, ಮುಂಬಯಿಯಿಂದಲೇ ತಿದ್ದಿ ಕಳಿಸಿದರು. ಅದೇ ವರ್ಷ ಡಿ.ಎಸ್ಸಿ. ಸಿಕ್ಕಿತು.

ಇಷ್ಟೂ ವರ್ಷ ಮುಂಬಯಿಯಲ್ಲಿ ಬಡತನದ ಸಂಸಾರ ತೂಗಿಸಿದವರು ರಮಾಬಾಯಿ. ಯಾವ ವಿದ್ಯಾರ್ಥಿವೇತನದ ಕಾಗದದಲ್ಲೂ ಆ ಹೆಣ್ಣುಮಗಳ ಹೆಸರಿಲ್ಲ. ಹೊರದೇಶಕ್ಕೆ ಹೋಗುವ ದಲಿತ ಹುಡುಗನ ನಿಜವಾದ ಜಾಮೀನು ಬಹಳ ಸಲ ಮನೆಯಲ್ಲಿ ಉಪವಾಸ ಇರುವ ಹೆಂಗಸು. ದಲಿತ ವಿಮರ್ಶೆ ಈ ಸಾಲವನ್ನು ಇನ್ನೂ ಸರಿಯಾಗಿ ಬರೆದುಕೊಂಡಿಲ್ಲ.

ಅರಸರ, ಗೆಳೆಯರ, ಧನಿಕರ ಕೈ ನೋಡುವ ಈ ಪಾಡು ಮುಂದಿನವರಿಗೆ ಬರಬಾರದು ಎಂದು ಅಂಬೇಡ್ಕರ್ ಅಂದುಕೊಂಡಿರಬೇಕು. 1942ರಲ್ಲಿ ವೈಸರಾಯ್ ಕೌನ್ಸಿಲ್ಲಿನ ಸದಸ್ಯರಾದ ಕೂಡಲೇ ಲಿನ್ಲಿತ್‌ಗೋಗೆ ಪರಿಶಿಷ್ಟ ಜಾತಿಗಳ ಅಹವಾಲು ಸಲ್ಲಿಸಿ, ಉನ್ನತ ಶಿಕ್ಷಣಕ್ಕೆ, ಹೊರದೇಶದ ಓದಿಗೂ ಸೇರಿ, ಸರ್ಕಾರದ ಬೊಕ್ಕಸದಿಂದಲೇ ಹಣ ಕೊಡಬೇಕೆಂದು ಕೇಳಿದರು. ಬೇಡಿದ್ದು ಭಿಕ್ಷೆಯಲ್ಲ, ಪಾಲು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಆದರೂ 1945ರಲ್ಲಿ ಕೆ.ಆರ್. ನಾರಾಯಣನ್ ಲಂಡನ್ನಿಗೆ ಓದಲು ಹೋದದ್ದು ಟಾಟಾ ನೆರವಿನಿಂದ. ಮುಂದೆ 1997ರಲ್ಲಿ ರಾಷ್ಟ್ರಪತಿಯಾದವರ ಓದು ಕೂಡ ಒಬ್ಬ ಧನಿಕರ ಮನಸ್ಸಿನ ಮೇಲೆ ನಿಂತಿತ್ತು.

ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಬಂದದ್ದು 1954-55ರಲ್ಲಿ. ಈಗ ಅದು ಪರಿಶಿಷ್ಟ ಜಾತಿಯವರ ಜೊತೆಗೆ ಅಲೆಮಾರಿಗಳಿಗೆ, ಭೂಹೀನ ಕೂಲಿಗಳ ಮಕ್ಕಳಿಗೆ, ಸಾಂಪ್ರದಾಯಿಕ ಕಸುಬುದಾರರಿಗೂ ಉಂಟು. 2021-22ರಲ್ಲಿ ಸ್ಥಾನಗಳ ಸಂಖ್ಯೆ 100ರಿಂದ 125ಕ್ಕೆ ಏರಿತು. ಇಷ್ಟು ದೊಡ್ಡ ದೇಶಕ್ಕೆ 125! ಕರ್ನಾಟಕ ಸರ್ಕಾರವೂ 2018ರ ಸುಮಾರಿಗೆ 'ಪ್ರಬುದ್ಧ' ಎಂಬ ಹೆಸರಿನಲ್ಲಿ ಇಂಥದೇ ಯೋಜನೆ ತಂದಿತು. ಇವೆಲ್ಲ ಹೋರಾಟದ ಫಲ. ಇದರಿಂದ ಓದಿ ಬಂದವರು ನಮ್ಮ ನಡುವೆ ಇದ್ದಾರೆ.

ಆದರೆ 2022ರಲ್ಲಿ ಏನಾಯಿತು ನೋಡಿ. ಆ ವರ್ಷದ ಕೇಂದ್ರದ ಮಾರ್ಗಸೂಚಿಯಲ್ಲಿ ಹೊಸದೊಂದು ಸಾಲು ಸೇರಿತು. ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಹಾಗೂ ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನದ ವಿಷಯಗಳಿಗೆ ಈ ಹಣ ಇಲ್ಲ! ಇವನ್ನು ಓದಲು ಹೊರದೇಶಕ್ಕೆ ಯಾಕೆ ಹೋಗಬೇಕು, ಇಲ್ಲೇ ಎಲ್ಲ ಇದೆಯಲ್ಲ ಎಂಬುದು ಸಮರ್ಥನೆ.

ಮೇಲ್ನೋಟಕ್ಕೆ ನ್ಯಾಯದ ಮಾತಿನಂತೆ ಕಾಣುತ್ತದೆ. ನಮ್ಮಲ್ಲೇ ಕೆಲವರು, "ಹೌದಲ್ಲ, ಎಂಜಿನಿಯರಿಂಗು, ವಿಜ್ಞಾನ ಓದಲಿ, ಜಾತಿ ಬಗ್ಗೆ ಓದೋಕೆ ಅಲ್ಲಿಗೆ ಯಾಕೆ?" ಎಂದದ್ದನ್ನು ನಾನೇ ಕೇಳಿದ್ದೇನೆ. ವಿಜ್ಞಾನ ಓದಬೇಕು, ಬೇಡ ಅಂದವರ್ಯಾರು? ಆದರೆ ಅಂಬೇಡ್ಕರ್ ಅವರ ಮೂರು ಬರಹಗಳನ್ನು ಈ ಸಾಲಿನ ಮುಂದೆ ಇಡೋಣ. ಮೊದಲನೆಯದು ಭಾರತದ ಜಾತಿಗಳು. ಎರಡನೆಯದು ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸಿನ ವಿಕಾಸ. ಮೂರನೆಯದು ರೂಪಾಯಿಯ ಸಮಸ್ಯೆ. ಮೂರೂ ಭಾರತದ್ದೇ. 1913ರ ಅರಸೊತ್ತಿಗೆ ಅವರ ಮುಂದಿನ ಹತ್ತು ವರ್ಷ ಕೇಳಿತು, ಆದರೆ ಜಾತಿಯ ಬಗ್ಗೆ ಓದಬೇಡ ಎನ್ನಲಿಲ್ಲ. ಅಂಬೇಡ್ಕರ್ ಬರೆದ ಸಂವಿಧಾನದ ಅಡಿಯಲ್ಲಿ ನಡೆಯುವ ಸರ್ಕಾರ ಅದನ್ನು ಹೇಳಿತು. ಅವರ ಹೆಸರಿನಲ್ಲಿ ಹಾರ ಹಾಕುವವರು ಆ ಸಾಲಿನ ಪ್ರಕಾರ ಅವರ ಅರ್ಜಿಯನ್ನೇ ವಾಪಸು ಕಳಿಸಬೇಕಾಗುತ್ತಿತ್ತು.

ಇಲ್ಲೇ ಎಲ್ಲ ಇದೆ ಎಂಬುದೂ ನಿಜವಲ್ಲ. ವಸಾಹತುಶಾಹಿ ಬರೆಸಿದ ಕಾಗದದ ದೊಡ್ಡ ರಾಶಿ ಲಂಡನ್ನಿನಲ್ಲಿದೆ. ಅದರಲ್ಲಿ ನಮ್ಮ ಕೇರಿಗಳ ಭೂಮಿ, ಕೂಲಿ, ಪಲಾಯನ, ಮುಷ್ಕರ ಎಲ್ಲ ಇವೆ. ಮೇಲುಜಾತಿಯ ಸಂಶೋಧಕರು ಬೇರೆ ಬೇರೆ ಫೆಲೋಶಿಪ್ಪು ಹಿಡಿದು ಹೋಗಿ ಅದನ್ನು ಓದಿ ನಮ್ಮ ಬಗ್ಗೆ ಬರೆಯುತ್ತಾರೆ. ಬರೆಯಲಿ, ಅವರಲ್ಲಿ ಒಳ್ಳೆಯವರಿದ್ದಾರೆ, ನಾನು ಅವರಿಂದ ಕಲಿತಿದ್ದೇನೆ. ನನ್ನ ಪ್ರಶ್ನೆ ಇಷ್ಟೇ: ನಮ್ಮ ಮಕ್ಕಳು ಎಂಜಿನಿಯರಾಗಬಹುದು, ಚರಿತ್ರೆಕಾರರಾಗಬಾರದೇ? ಕೂಲಿಯ ಚರಿತ್ರೆ ಬರೆಯುವ ಹಕ್ಕು ಕೂಲಿಯ ಮೊಮ್ಮಗಳಿಗೆ ಇಲ್ಲವೇ?

ಹಣ ಬರುವ ಹೊತ್ತೂ ಒಂದು ಷರತ್ತೇ. 2025ರ ಜುಲೈನಲ್ಲಿ ಇದೇ ಯೋಜನೆಗೆ 106 ಮಂದಿ ಆಯ್ಕೆಯಾದರು. ಮೊದಲ ಕಂತಿನಲ್ಲಿ 40 ಮಂದಿಗೆ ಮಾತ್ರ ಪತ್ರ ಬಂತು, ಉಳಿದವರಿಗೆ ಹಣ ಇದ್ದರೆ ಎಂಬ ಮಾತು. ವಿಶ್ವವಿದ್ಯಾಲಯದ ಬಾಗಿಲು ಸೆಪ್ಟೆಂಬರಿನಲ್ಲಿ ತೆಗೆಯುವಾಗ ಜುಲೈನಲ್ಲಿ ಕಾಯಿಸಿದರೆ ಆ ಮಕ್ಕಳ ಎದೆ ಏನಾಗಬೇಕು? ಉಳ್ಳವನಿಗೆ ಎರಡು ತಿಂಗಳು ತಡವಾದರೆ ಅಪ್ಪ ಕೊಡುತ್ತಾನೆ. ಇಲ್ಲದವಳಿಗೆ ತಡ ಎಂದರೆ ಇಲ್ಲ ಎಂದೇ ಅರ್ಥ.

ಗೆಳೆಯರೆ, ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಮೀಸಲಾತಿಗಾಗಿ ಬೀದಿಗಿಳಿದಷ್ಟು ನಾವು ಇಂಥ ಒಂದು ಸಾಲಿಗಾಗಿ ಇಳಿಯಲಿಲ್ಲ. ನೂರೋ ನೂರಿಪ್ಪತ್ತೋ ಮಂದಿಯ ವಿಷಯ ಬಿಡು ಎಂದುಕೊಂಡೆವು. ಆದರೆ 1913ರಲ್ಲಿ ಹಡಗು ಹತ್ತಿದ್ದು ನಮ್ಮಲ್ಲಿ ಒಬ್ಬರೇ. ಆ ಒಬ್ಬರು ಓದಿದ್ದರಿಂದ ಏನಾಯಿತು ಎಂಬುದನ್ನು ನಾನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ.

ಗಣಿ 2001ರಲ್ಲಿ ಮುಚ್ಚಿತು. ಚಿಕ್ಕಪ್ಪ ಈಗಿಲ್ಲ. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತ ಸಾಲ ಮಾಡಿ ಬಂಗಾರಪೇಟೆಯಲ್ಲಿ ಒಂದು ಸಣ್ಣ ಮನೆ ಕಟ್ಟಿಕೊಂಡೆ. ಹೋದ ವರ್ಷ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಅವಳದೂ ಗಣಿಯ ಸಂಶೋಧನೆ, ಕೆಲಸ ಕಳಕೊಂಡ ಮನೆಗಳ ಹೆಂಗಸರ ಮೇಲೆ. ಬೇರೊಂದು ಕಡೆಯಿಂದ ನಾಲ್ಕು ತಿಂಗಳ ನೆರವು ಸಿಕ್ಕಿದೆ, ಲಂಡನ್ನಿಗೆ. "ಸಾರ್, ಜಾಮೀನು ಕೇಳ್ತಿದಾರೆ. ಮನೆ ಪತ್ರ ಇರೋರು ಬೇಕಂತೆ. ಕೇಳೋಕೆ ನಾಚ್ಕೆ ಆಗುತ್ತೆ ಸಾರ್" ಅಂದಳು.

"ನಾಚ್ಕೆ ಕೇಳೋರಿಗಾಗ್ಬೇಕಮ್ಮ, ನಿನಗಲ್ಲ" ಅಂದೆ. ಮನೆಯ ಪತ್ರ ತೆಗೆದು, ಅವಳು ತೋರಿಸಿದ ಜಾಗದಲ್ಲಿ ಸೈನು ಹಾಕಿದೆ. ಇಬ್ಬರು ಬೇಕಲ್ಲ? ಎರಡನೆಯವರನ್ನು ಹುಡುಕಿಕೊಂಡು ಅವತ್ತೇ ಸಂಜೆ ಇಬ್ಬರೂ ಹೊರಟೆವು.