ಒಲಿ ಬೂದಿ ಹೋತು, ಬೆಕ್ಕು ಕೌದಿಗೆ ಬಂತು

ಈಗೀಗ ನಮ್ಮ ಕಡೆ ಹೆಣ್ಮಕ್ಕಳು ನಾಕು ಮಂದಿ ಕೂಡಿದಲ್ಲಿ ಒಂದು ಮಾತು ಬಂದ ಬರತೈತಿ. "ಏನ್ ಮಾಡಬೇಕವಾ ಈ ಬೆಕ್ಕಿಗೆ? ಹಾಸಿಗಿ ಬಿಡಂಗಿಲ್ಲ, ಕೌದಿ ಬಿಡಂಗಿಲ್ಲ, ಎಲ್ಲಾ ಕಡೆ ಉಚ್ಚಿ ಹೊಯ್ತೈತಿ." ರೋಣದಾಗ ಹೊಸಾ ಮನಿ ಕಟ್ಟಿಸಿದಾಕಿ ಇದನ್ನ ಹೇಳ್ತಾಳ. ನರಗುಂದದಾಗ ಟೈಲ್ಸ್ ಹಾಕಿಸಿದಾಕಿ ಇದನ್ನ ಹೇಳ್ತಾಳ. ಗಜೇಂದ್ರಗಡದಾಗ ಮಗ್ಗದ ಮನ್ಯಾಕಿ "ನೂಲಿನ ಗಂಟಿನ ಮ್ಯಾಲೆ ಹೊಯ್ದೈತಿ" ಅಂತ ಹಣಿ ಬಡಕೋತಾಳ.

ನಮ್ಮ ಆಯಿಗಳ ಕಾಲದಾಗ ಬೆಕ್ಕಿನ ಮ್ಯಾಲೆ ಫಿರ್ಯಾದಿ ಇರಲಿಲ್ಲ ಅಂತಲ್ಲ. ಹಾಲು ಕುಡೀತು, ಬೆಣ್ಣಿ ನೆಕ್ಕಿತು, ನೆಲುವಿಗೆ ಜಿಗೀತು, ಇವು ದಿನಾ ಇದ್ದವು. ಆದರ ಉಚ್ಚಿ ಮಾತು ಇಷ್ಟು ಇರಲಿಲ್ಲ. ಹಂಗಾರ ಈಗಿನ ಬೆಕ್ಕು ಕೆಟ್ಟಾವೇನು? ಬೆಕ್ಕು ಏನೂ ಬದಲಾಗಿಲ್ರೀ. ಬದಲಾಗಿದ್ದು ನಮ್ಮ ಮನಿ. ಅದು ಹೆಂಗ ಅಂತ ತಿಳೀಬೇಕಂದ್ರ ಸ್ವಲ್ಪ ಹಿಂದಕ್ಕ ಹೋಗಬೇಕು.

ಈಗ ಮನಿ ಮನಿಯೊಳಗ ಇರೋ ಬೆಕ್ಕಿನ ಮೂಲ ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾದ ಒಣ ನೆಲದ ಕಾಡುಬೆಕ್ಕು. ಅಲ್ಲಿ ಮಂದಿ ಬ್ಯಾಸಾಯ ಕಲಿತು ಕಾಳು ಕೂಡಿ ಹಾಕಾಕ ಹತ್ತಿದಾಗ ಕಾಳಿಗೆ ಇಲಿ ಬಂದವು, ಇಲಿಗೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಾಗ ಸುಮಾರು 9,500 ವರ್ಷದ ಹಿಂದಿನ ಒಂದು ಗೋರಿಯೊಳಗ ಮನುಷ್ಯಾನ ಬಾಜೂಕ ಬೆಕ್ಕನ್ನೂ ಇಟ್ಟಿದ್ದು ಸಿಕ್ಕೈತಿ. ನಮ್ಮ ಕಡೆ ನೋಡಿದರ, ಸಿಂಧ್ ಪ್ರಾಂತ್ಯದ ಚನ್ಹುದಾರೊ ಅನ್ನೋ ಹರಪ್ಪಾ ಕಾಲದ ಊರಾಗ ಒಂದು ಇಟ್ಟಂಗಿ ಸಿಕ್ಕೈತಿ. ಹಸಿ ಇದ್ದಾಗ ಅದರ ಮ್ಯಾಲೆ ಬೆಕ್ಕು ಓಡೈತಿ, ಅದರ ಬೆನ್ನ ಹಿಂದ ನಾಯಿ ಓಡೈತಿ, ಎರಡರ ಹೆಜ್ಜಿನೂ ಮೂಡ್ಯಾವು. ನಾವು ಮಾಳಿಗಿ ಮ್ಯಾಲೆ ಶಾವಿಗಿ, ಹಪ್ಪಳ ಒಣಗಾಕ ಹಾಕಿದಾಗ ಆಗೋ ಗದ್ದಲ ನಾಕು ಸಾವಿರ ವರ್ಷದ ಹಿಂದೂ ಇತ್ತು ಅನ್ನರಿ.

ಆ ಒಣ ನೆಲದಿಂದ ಬೆಕ್ಕು ಎರಡು ಗುಣ ಕಟಗೊಂಡು ಬಂದೈತಿ. ಒಂದು, ಕಡಿಮಿ ನೀರಾಗ ಬದುಕೋದು. ಅದಕ್ಕ ಅದರ ಉಚ್ಚಿ ಅಷ್ಟು ಗಟ್ಟಿ, ಅಷ್ಟು ನಾತ. ಗಂಡು ಬೆಕ್ಕಿನ ಉಚ್ಚಿಯೊಳಗ ಗಂಧಕ ಇರೋ ಒಂದು ಅಂಶ ಹೆಚ್ಚಿಗಿ ಇರತೈತಿ, ಆ ಖಮಟು ವಾಸನಿ ಅದರದ್ದು. ಎರಡನೇದು, ಸಡಲ ಮಣ್ಣು ಕೆದರಿ, ಹೊಯ್ದು, ಮುಚ್ಚೋದು. ಇದನ್ನ ಮರಿಗೆ ಯಾರೂ ಕಲಿಸಂಗಿಲ್ಲ. ಕಣ್ಣು ಬಿಟ್ಟು ಓಡ್ಯಾಡಾಕ ಹತ್ತಿದ ಸ್ವಲ್ಪ ದಿನಕ್ಕ ತಾನ ಮಣ್ಣು ಹುಡಕತೈತಿ. ಅಂದರ ಬೆಕ್ಕು ಸ್ವಚ್ಛತಾ ಇಲ್ಲದ ಪ್ರಾಣಿ ಅಲ್ಲ. ಅದಕ್ಕ ಬೇಕಾದ್ದು ಒಂದ: ಕೆದರಾಕ ಬರೋವಂಥ ಮೆತ್ತನ್ನ ಒಣ ಜಾಗ.

ಈಗ ನಮ್ಮ ಹಳೇ ಮನಿ ನೆನಪ ಮಾಡ್ಕೊಳ್ರಿ. ಮಣ್ಣಿನ ಮಾಳಿಗಿ, ಮ್ಯಾಲೆ ಬೆಳಕಿಂಡಿ. ಬೆಕ್ಕಿನ ಬಾಗಿಲ ಅದ ಬೆಳಕಿಂಡಿ. ರಾತ್ರಿ ಯಾವಾಗ ಹೋತು, ಯಾವಾಗ ಬಂತು ಯಾರಿಗೂ ಗೊತ್ತಾಗ್ತಿರಲಿಲ್ಲ. ಒಳಗ ದನದ ಕೊಟಗಿ, ಅಲ್ಲಿ ಹೊಟ್ಟು, ಕಣಿಕಿ. ಹಿತ್ತಲದಾಗ ತಿಪ್ಪಿ. ಅಡಗಿ ಮನಿಯಾಗ ಒಲಿ, ಬಚ್ಚಲದಾಗ ನೀರು ಕಾಸೋ ಒಲಿ, ಎರಡರದ್ದೂ ಬೂದಿ ಮೂಲ್ಯಾಗ ಗುಡ್ಡಿ ಹಾಕಿದ್ದು. ಪಾತ್ರಿ ತಿಕ್ಕಾಕ ಆ ಬೂದಿ ಬೇಕಾಗ್ತಿತ್ತು, ಬೆಕ್ಕಿಗೂ ಬೇಕಾಗ್ತಿತ್ತು. ಬಡತನಕ್ಕ "ಒಲಿಯೊಳಗ ಬೆಕ್ಕು ಮಲಗೈತಿ" ಅಂತಿದ್ದರಲ್ಲ, ಒಲಿಗೂ ಬೆಕ್ಕಿಗೂ ಅಷ್ಟು ಸಂಬಂಧ. ಮನಿ ಹೊರಗ ಬಂದರ ಎರಿ ಹೊಲ, ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರುಕು. ಗಜೇಂದ್ರಗಡದ ಗುಡ್ಡದ ಕಡೆ ಮಸಾರಿ ಮಣ್ಣು. ಬೆಕ್ಕಿಗೆ ಕೆದರಾಕ ಎಲ್ಲಿ ಕಡಿಮಿ?

ಒಂದು ವೇಳೆ ಪಡಸಾಲ್ಯಾಗ ಹೊಯ್ದರೂ ನೆಲ ಸಗಣಿ ಸಾರಿಸಿದ್ದು. ಅದು ಹೀರಿಕೊಳ್ತಿತ್ತು. ಆ ಜಾಗ ಕೆರದು, ಹೊಸಾ ಮಣ್ಣು ಬಡದು, ಮತ್ತ ಸಾರಿಸಿದರ ವಾಸನಿ ಬೇರು ಸಮೇತ ಹೋಗ್ತಿತ್ತು. ವಾರ ವಾರ ನೆಲಾನ ಹೊಸದು ಮಾಡೋ ಪದ್ಧತಿ ಅದು.

ಬೆಕ್ಕು ಸಾಕೋದು ಆಗ ಬರೇ ಮುದ್ದಿಗಲ್ಲ. ಮಣ್ಣಿನ ವಾಡೆಯೊಳಗ ಕಡ್ಲಿ, ಗೋಧಿ, ಹಗೇವಿನ್ಯಾಗ ಜ್ವಾಳ. ಗಜೇಂದ್ರಗಡದ ನೇಕಾರರ ಮನಿಯಾಗ ನೂಲು. ಇಲಿ ಒಂದು ರಾತ್ರಿ ಕಡದರ ತಿಂಗಳ ಕೂಲಿ ಹೋಗ್ತಿತ್ತು. ಅದಕ್ಕಿಂತ ದೊಡ್ಡ ಅಂಜಿಕಿ ಪ್ಲೇಗಿನದು. 1898ರಾಗ ಹುಬ್ಬಳ್ಳಿ, ಧಾರವಾಡ ಕಡೆ ಪ್ಲೇಗು ಬಂದು ಮಂದಿ ಸಾಲು ಸಾಲಾಗಿ ಸತ್ತರು. ಅದ ವರ್ಷ ಹುಬ್ಬಳ್ಳ್ಯಾಗ ಹಾಫ್‌ಕಿನ್ ಅವರು ಕಂಡುಹಿಡಿದ ಲಸಿಕಿಯನ್ನ ಸಾವಿರಗಟ್ಟಲೆ ಮಂದಿಗೆ ಹಾಕಿದ್ದರು. ಮನಿಯಾಗ ಇಲಿ ಬಿದ್ದವು ಅಂದರ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡು ಇರೋದು ಆಗಿನ ರೂಢಿ. ಇಲಿಯಿಂದ, ಇಲಿ ಮೈಮ್ಯಾಲಿನ ಚಿಗಟದಿಂದ ಈ ಬ್ಯಾನಿ ಬರತೈತಿ ಅಂತ ಖಾತ್ರಿ ಆದ ಮ್ಯಾಲೆ ಬೆಕ್ಕಿನ ಬೆಲೆ ಏರಿತು. ಮಧ್ಯಪ್ರಾಂತ್ಯ, ಬೇರಾರ ಕಡೆ ಇದ್ದ ಬುಕಾನನ್ ಅನ್ನೋ ಬ್ರಿಟಿಷ್ ಡಾಕ್ಟರ್ 1908ರ ಸುಮಾರಿಗೆ, ಬೆಕ್ಕು ಬಾಳ ಇರೋ ಹಳ್ಳ್ಯಾಗ ಪ್ಲೇಗು ಕಡಿಮಿ, ಅದಕ್ಕ ಮನಿಗೊಂದು ಬೆಕ್ಕು ಸಾಕ್ರಿ ಅಂತ ಬರದರು. ಬೆಕ್ಕಿಗೂ ಪ್ಲೇಗು ಹತ್ತತೈತಿ ಅನ್ನೋದು ಈಗ ಗೊತ್ತಾಗೈತಿ, ಅದು ಬ್ಯಾರೆ ಮಾತು. ಒಟ್ಟಿನ್ಯಾಗ ಬೆಕ್ಕು ಅಂದರ ಮನಿಗೆ ದುಡಿಯೋ ಒಂದು ಜೀವ ಆಗಿತ್ತು.

ಬೆಕ್ಕಿಗೆ ಡಬ್ಬಿ ಇಡೋ ಪದ್ಧತಿ ನೋಡಿದರ, ಅದು ಹುಟ್ಟಿದ್ದೂ ಬೂದಿಯಿಂದನ. ಅಮೆರಿಕಾದ ಚಳಿ ದೇಶದಾಗ ಬೆಕ್ಕನ್ನ ಮನಿಯೊಳಗ ಇಟ್ಟವರು ಮೊದಲ ಬೂದಿ, ಉಸುಕು ಹಾಕಿ ಇಡ್ತಿದ್ದರು. 1947ರ ಚಳಿಗಾಲದಾಗ ಮಿಷಿಗನ್ ರಾಜ್ಯದ ಕ್ಯಾಸೊಪೊಲಿಸ್ ಅನ್ನೋ ಸಣ್ಣ ಊರಾಗ ಒಬ್ಬ ಹೆಣ್ಮಗಳು ನೆರೆಮನಿ ಎಡ್ ಲೋ ಅನ್ನೋ ಹುಡುಗನ ಹಂತೇಕ ಉಸುಕು ಕೇಳಾಕ ಬಂದಳು. ಆಕಿ ಉಸುಕಿನ ಗುಡ್ಡಿ ಥಂಡಿಗೆ ಕಲ್ಲಾಗಿತ್ತು. ಬೂದಿ ಹಾಕಿದರ ಬೆಕ್ಕು ಕರೀ ಹೆಜ್ಜಿ ಇಟಗೋತ ಮನಿ ತುಂಬಾ ಓಡ್ಯಾಡ್ತಿತ್ತು. ಅಂವ, ಕಾರಖಾನ್ಯಾಗ ಚೆಲ್ಲಿದ ಎಣ್ಣಿ ಹೀರಸಾಕ ಮಾರ್ತಿದ್ದ ಒಂದು ಒಣ ಮಣ್ಣನ್ನ ಕೊಟ್ಟ. ಆಕಿ ಮತ್ತ ಮತ್ತ ಬಂದು ಅದನ್ನ ಕೇಳಿದಳು. ಆಮ್ಯಾಲೆ ಅಂವ ಅದನ್ನ ಐದೈದು ಪೌಂಡಿನ ಚೀಲಕ್ಕ ತುಂಬಿ, ಚೀಲಕ್ಕ 65 ಸೆಂಟ್ ಅಂತ ಅಂಗಡಿಗೆ ಒಯ್ದ. "ಉಸುಕು ಪುಕ್ಕಟಿ ಸಿಗೋವಾಗ ಇದನ್ನ ಯಾರು ತಗೋತಾರ?" ಅಂದ ಅಂಗಡಿಯಂವ. ಮೊದಲ ಪುಕ್ಕಟಿ ಕೊಡು ಅಂದ ಲೋ. ಅಲ್ಲಿಂದ ಜಗತ್ತಿನ ತುಂಬಾ ಈ ವ್ಯಾಪಾರ ಹಬ್ಬಿತು.

ಆ ಮಣ್ಣು ಯಾವುದು ಗೊತ್ತೇನ್ರಿ? ನಾವು ಮಾರಿಗೆ ಹಚ್ಚಕೋತೀವಲ್ಲ, ಮುಲ್ತಾನಿ ಮಿಟ್ಟಿ, ಅದ ಜಾತೀದು! 1980ರ ದಶಕದಾಗ ಮತ್ತೊಂದು ಬಂತು, ಉಚ್ಚಿ ಬಿದ್ದ ಕೂಡಲೆ ಉಂಡಿ ಕಟ್ಟೋ ಬೆಂಟೊನೈಟ್ ಮಣ್ಣು. ಅದರ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ನೀರು ಕುಡದು ಉಬ್ಬೋದು, ಒಣಗಿದರ ಬಿರುಕು ಬಿಡೋದು ಅದರ ಗುಣ. ಈ ಗುಣ ನಾವೆಲ್ಲಾ ನೋಡಿದ್ದ. ನರಗುಂದ, ರೋಣದ ಎರಿ ಭೂಮಿ ಮಳಿಗಾಲದಾಗ ಕಾಲು ಹಿಡಿಯೋದು, ಬ್ಯಾಸಿಗ್ಯಾಗ ಬಾಯಿ ಬಿಡೋದು ಅದ ಕುಲದ ಖನಿಜದಿಂದ. ಪ್ಯಾಟಿಯೊಳಗ ಚೀಲಕ್ಕ ನೂರಾರು ರೂಪಾಯಿ ಕೊಟ್ಟು ತರೋ ಮಣ್ಣಿನ ದಾಯಾದಿ ನಮ್ಮ ಹೊಲದಾಗ ಬಿದ್ದೈತಿ.

ಹಂಗಾರ ನಮ್ಮ ಮನಿಯಾಗ ಏನಾತು? ಸಗಣಿ ನೆಲ ಹೋಗಿ ಶಹಾಬಾದ ಫರಸಿ ಬಂತು, ಫರಸಿ ಹೋಗಿ ಟೈಲ್ಸ್ ಬಂತು. ಒಲಿ ಹೋಗಿ ಗ್ಯಾಸ್ ಬಂತು, ಹೊಗಿ ತಪ್ಪಿತು, ನಮ್ಮ ಕಣ್ಣು, ಎದಿ ಉಳದವು. ಯಾರೂ ಹಿಂದಕ್ಕ ಹೋಗೋದು ಬ್ಯಾಡ. ಆದರ ಗ್ಯಾಸಿನ ಕೂಡ ಬೂದಿ ಹೋತು. ಬೆಳಕಿಂಡಿ ಮುಚ್ಚಿ ಸ್ಲ್ಯಾಬ್ ಬಿತ್ತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಕೊಟಗಿ, ಹೊಟ್ಟು ಹೋದವು. ಹಿತ್ತಲದಾಗ ಮತ್ತೊಂದು ಖೋಲಿ ಎದ್ದಿತು. ಓಣಿಗೆ ಕಾಂಕ್ರೀಟ್ ಬಿತ್ತು, ಮ್ಯಾಲೆ ಬೀದಿನಾಯಿ ಕಾಟ. ಬೆಕ್ಕು ಸುತ್ತೂ ನೋಡಿತು. ಎಲ್ಲಾ ಗಟ್ಟಿ. ಮನಿಯಾಗ ಮೆತ್ತಂದು, ಕೆದರಾಕ ಬರೋದು ಉಳಿದಿದ್ದು ಕೌದಿ, ಗಾದಿ, ಅರಬಿ ಗಂಟು, ನೂಲಿನ ಗಂಟು. ಅದು ಸಿಟ್ಟಿಗಿ ಹೊಯ್ಯಂಗಿಲ್ರೀ, ಬ್ಯಾರೆ ದಾರಿ ಇಲ್ಲದ್ದಕ್ಕ ಹೊಯ್ತೈತಿ.

ಇದು ತಿಳೀದ ನಮ್ಮ ಮಂದಿ ಮಾಡೋದು ಏನು? ಚೀಲದಾಗ ಹಾಕಿ, ಬಾಯಿ ಕಟ್ಟಿ, ಬ್ಯಾರೆ ಊರಿನ ಹಾದ್ಯಾಗ ಬಿಟ್ಟು ಬರೋದು. ಬೆಕ್ಕು ಕೊಂದರ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತ ಹಿರ್ಯಾರು ಹೇಳಿದ್ದಕ್ಕ ಕೊಲ್ಲಾಕ ಅಂಜಿಕಿ. ಬಿಟ್ಟು ಬಂದರ ಪಾಪ ಇಲ್ಲ ಅಂತ ಸಮಾಧಾನ. ಆದರ ಮನಿ ಅನ್ನ ತಿಂದ ಬೆಕ್ಕು ಗೊತ್ತಿಲ್ಲದ ಜಾಗದಾಗ ನಾಯಿ ಬಾಯಿಗೋ ಗಾಡಿ ಗಾಲಿಗೋ ಹೋಗತೈತಿ, ಇಲ್ಲಾ ಹಸದು ಸಾಯತೈತಿ. ಹಸಿವಿ, ನೀರಡಿಕಿಯಿಂದ ಸಂಕಟ ಪಡುವಂಗ ಪ್ರಾಣೀನ ಬಿಟ್ಟು ಬರೋದು 1960ರ ಪ್ರಾಣಿ ಹಿಂಸಾ ತಡೆ ಕಾಯ್ದೆ ಪ್ರಕಾರ ಅಪರಾಧನೂ ಹೌದು. ಚೀಲ ತಗಿಯೋಕಿಂತ ಮೊದಲ ಒಂದು ಬುಟ್ಟಿ ಮಣ್ಣು ಇಟ್ಟು ನೋಡ್ರಿ.

ಒಂದು ಹಳೇ ಅಗಲ ಟಬ್ ತಗೊಳ್ರಿ, ಬೆಕ್ಕು ಒಳಗ ಪೂರ್ತಿ ತಿರುಗುವಷ್ಟು ಇರಲಿ. ಒಣಗಿಸಿ ಸಾಣಿಸಿದ ಮಣ್ಣು, ಅದಕ್ಕ ಸಮಾ ಉಸುಕು ಕೂಡಿಸಿ ಮೂರು ಬಟ್ಟಿನಷ್ಟು ಹಾಕ್ರಿ. ಬರೇ ಎರಿ ಹಾಕಿದರ ಹಸಿ ಆದ ಮ್ಯಾಲೆ ಕಾಲಿಗೆ ಮೆತ್ತತೈತಿ. ಅನ್ನ ನೀರು ಇಡೋ ಜಾಗದಿಂದ ದೂರ, ಗದ್ದಲ ಇಲ್ಲದ ಮೂಲ್ಯಾಗ ಇಡ್ರಿ. ಎರಡು ಬೆಕ್ಕಿದ್ದರ ಮೂರು ಟಬ್ ಛಲೋ. ಗಲೀಜು ದಿನಾ ತಗೀಬೇಕು. ಹೊಲಸು ಟಬ್ ಬೆಕ್ಕಿಗೂ ಸೇರಂಗಿಲ್ಲ, ಮತ್ತ ಕೌದಿಗೆ ಬರತೈತಿ.

ಬಸರಿ ಹೆಣ್ಮಕ್ಕಳು ಈ ಕೆಲಸ ಮಾಡಬ್ಯಾಡ್ರಿ. ಬೆಕ್ಕಿನ ಹೇಲಿನಿಂದ ಟಾಕ್ಸೊಪ್ಲಾಸ್ಮಾ ಅನ್ನೋ ರೋಗಾಣು ಹೊಟ್ಟ್ಯಾಗಿನ ಕೂಸಿಗೆ ತ್ರಾಸ ಕೊಡಬಹುದು. ಅದು ಹತ್ತುವಂಗ ಆಗಾಕ ಒಂದು ದಿನದ ಮ್ಯಾಲೆ ಬೇಕು, ಅದಕ್ಕ ಮನಿಯಾಗ ಬ್ಯಾರೆ ಯಾರರೆ ದಿನಾ ತಗದು, ಕೈ ಸೋಪಿನಿಂದ ತೊಳಕೊಂಡರ ಸಾಕು.

ಹೊಯ್ದ ಜಾಗಕ್ಕ ಫಿನೈಲ್ ಸುರೀಬ್ಯಾಡ್ರಿ, ಅದು ಬೆಕ್ಕಿಗೆ ವಿಷ. ಬ್ಲೀಚಿಂಗ್ ಪೌಡರ್ ಉಚ್ಚಿ ಕೂಡ ಸೇರಿದರ ಬರೋ ಘಾಟು ನಮಗೂ ಕೆಟ್ಟದ್ದು. ಮೊದಲ ಅರಬಿಯಿಂದ ಒತ್ತಿ ಹೀರಸ್ರಿ, ಆಮ್ಯಾಲೆ ತಣ್ಣೀರು, ಆಮ್ಯಾಲೆ ನೀರು ಕೂಡಿಸಿದ ವಿನೆಗರ್. ಕೌದೀನ ಹಿಂಗ ತೋಯಿಸಿ, ಒಗದು, ಕಡಕ್ ಬಿಸಲಾಗ ಹಾಕ್ರಿ. ಒಣಗಿದ ಉಚ್ಚಿ ಹರಳು ಅರಬಿಯೊಳಗ ಉಳದರ ಮಳಿಗಾಲದಾಗ ಮತ್ತ ನಾರತೈತಿ, ನಮ್ಮ ಮೂಗಿಗೆ ಬರದಿದ್ದರೂ ಬೆಕ್ಕಿನ ಮೂಗಿಗೆ ಬರತೈತಿ. ಗಂಡು ಬೆಕ್ಕು ನಿಂತಲ್ಲೆ ಬಾಲ ಎತ್ತಿ ಗ್ವಾಡಿಗೆ ಸಿಡಿಸಿದರ ಅದು ತನ್ನ ಹದ್ದು ಗುರುತು ಮಾಡೋದು. ಅದಕ್ಕ ಮಣ್ಣಿನ ಟಬ್ ಮದ್ದಲ್ಲ, ದನದ ದವಾಖಾನಿಯಾಗ ಬೀಜ ತಗಸಿದರ ಬಾಳಷ್ಟು ಬೆಕ್ಕು ಬಿಡತಾವು.

ಕಡೀ ಮಾತು, ಆದರ ಇದ ಮುಖ್ಯ. ಗಂಡು ಬೆಕ್ಕು ಪದೇ ಪದೇ ಕುಂತು ತಿಣಕತೈತಿ, ಒದರತೈತಿ, ಹನಿ ಬರಂಗಿಲ್ಲ, ಇಲ್ಲಾ ರಕ್ತ ಬರತೈತಿ ಅಂದರ ಅದು ಚ್ಯಾಷ್ಟಿ ಅಲ್ಲ, ಉಚ್ಚಿ ದಾರಿ ಕಟ್ಟೈತಿ. ಎರಡು ಮೂರು ದಿನದಾಗ ಸಾಯತೈತಿ. ಬಡೀಬ್ಯಾಡ್ರಿ, ನಾಳೆ ನೋಡೂನು ಅನಬ್ಯಾಡ್ರಿ, ಅವತ್ತ ಡಾಕ್ಟರ್ ಕಡೆ ಒಯ್ರಿ. ನಮ್ಮ ನೋವಿನ ಗುಳಿಗಿ ಪ್ಯಾರಾಸಿಟಮಾಲ್ ಬೆಕ್ಕಿಗೆ ಕೊಟ್ಟರ ಅದರಿಂದನ ಸಾಯತೈತಿ. ಮಣ್ಣು, ಜಾಗ ಎಲ್ಲಾ ಸರಿ ಇದ್ದೂ ಒಮ್ಮಿಂದೊಮ್ಮೆಲೆ ಹೊರಗ ಹೊಯ್ಯಾಕ ಹತ್ತಿತಂದರ, ಹೆಣ್ಣಿರಲಿ ಗಂಡಿರಲಿ, ಮೊದಲ ಬ್ಯಾನಿ ಐತೇನು ನೋಡಿಸ್ರಿ.

ಹತ್ತು ಸಾವಿರ ವರ್ಷದಿಂದ ಬೆಕ್ಕು ನಮ್ಮ ಕಾಳು ಕಾದೈತಿ. ಅದು ವಾಪಸ್ ಕೇಳಿದ್ದು ಒಂದು ಬುಟ್ಟಿ ಮಣ್ಣು. ಎರಿ ನಾಡಿನಾಗ ಹುಟ್ಟಿದ ನಮಗ ಅದೇನು ದೊಡ್ಡದಲ್ಲ.