ಕೋಲಾರದ ಚಿನ್ನದ ಗಣಿಗಳ ಶೇಷರಾಶಿ: ಒಂದು ಐತಿಹಾಸಿಕ ವಿವೇಚನೆ

ಗಣಿಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಹೊರಬಂದ ಲೋಹವನ್ನು ಲೆಕ್ಕಮಾಡಿದ್ದಾರೆ. ಲೋಹವನ್ನು ತೆಗೆದ ಮೇಲೆ ಉಳಿದ ಕಲ್ಲುಮಣ್ಣುಗಳ ಲೆಕ್ಕವನ್ನು ಇಟ್ಟವರು ವಿರಳ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ವಿದ್ಯಾರ್ಥಿಗಳಿಗೆ ಗಣಿಯೆಂದೊಡನೆ ನೆನಪಾಗುವುದು ನೆರೆಯ ಸಂಡೂರಿನ ಬೆಟ್ಟಸಾಲು. ಅಲ್ಲಿ ಕಬ್ಬಿಣದ ಅದಿರನ್ನು ತೆರೆದ ಗಣಿಗಳಲ್ಲಿ ಅಗೆಯುವುದರಿಂದ ಬೆಟ್ಟಕ್ಕಾದ ಗಾಯ ಕಣ್ಣಿಗೆ ಬೀಳುತ್ತದೆ. ನೆಲದಡಿಯ ಗಣಿಯ ಸ್ವರೂಪ ಬೇರೆ. ಅಲ್ಲಿ ತೋಡಿದ ಟೊಳ್ಳು ಕಾಣದು. ಮೇಲೆ ಸುರಿದ ರಾಶಿಯೇ ಅದಕ್ಕೆ ಸಾಕ್ಷಿ. ಕೋಲಾರದ ಚಿನ್ನದ ಗಣಿಗಳ ಅಂತಹ ರಾಶಿಯನ್ನು ಆಧಾರವಾಗಿಟ್ಟುಕೊಂಡು, 'ಕಸ'ವೆಂಬ ಮಾತಿನ ಅರ್ಥ ಕಾಲಕಾಲಕ್ಕೆ ಹೇಗೆ ಬದಲಾಯಿತು, ಅದರ ಹೊಣೆ ಯಾರ ಮೇಲೆ ಬಿತ್ತು ಎಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಗಣಿಯ ಶೇಷವು ಎರಡು ಬಗೆಯದು. ಬಾವಿಗಳನ್ನೂ ಸುರಂಗಗಳನ್ನೂ ಕೊರೆಯುವಾಗ ಒಡೆದ, ಅದಿರಿಲ್ಲದ ಕಲ್ಲು ಒಂದು. ಅದನ್ನು ಮೇಲಕ್ಕೆತ್ತುವುದು ದುಬಾರಿಯ ಕೆಲಸ. ಆದ್ದರಿಂದ ಸಾಧ್ಯವಾದಷ್ಟನ್ನು ನೆಲದಡಿಯ ಟೊಳ್ಳುಗಳಲ್ಲಿಯೇ ತುಂಬುವುದು ಗಣಿಗಾರಿಕೆಯ ಹಳೆಯ ರೂಢಿ. ಕೋಲಾರದಲ್ಲಿ ಆಳ ಹೆಚ್ಚಿದಂತೆ ಬಂಡೆಸಿಡಿತದ ಅಪಾಯವೂ ಹೆಚ್ಚಿ, ಮರದ ಆಸರೆ ಸಾಲದಾಗಿ, ಅಗೆದು ಬರಿದಾದ ಜಾಗಗಳಲ್ಲಿ ಗ್ರಾನೈಟ್ ಕಲ್ಲಿನ ಗೋಡೆಗಳನ್ನು ಕಟ್ಟುವ ಪದ್ಧತಿ ಬಂದಿತು. ಎರಡನೆಯ ಬಗೆಯ ಶೇಷವೆಂದರೆ ಅದಿರನ್ನು ಅರೆದು ಚಿನ್ನವನ್ನು ತೆಗೆದ ಮೇಲೆ ಉಳಿಯುವ ನುಣ್ಣನೆಯ ಪುಡಿ. ನಮ್ಮ ಚರ್ಚೆಗೆ ಮುಖ್ಯವಾದುದು ಇದು.

೧೮೦೨ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಈ ಪ್ರದೇಶವನ್ನು ಪರೀಕ್ಷಿಸಿದಾಗ, ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಕಲ್ಲನ್ನು ಕುಟ್ಟಿ ತೊಳೆದು ಚಿನ್ನವನ್ನು ಬೇರ್ಪಡಿಸುತ್ತಿದ್ದರು. ೧೮೮೦ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಳು ಬೆಳೆದಾಗ, ಆ ಕೈಕೆಲಸದ ಸ್ಥಾನದಲ್ಲಿ ಯಂತ್ರದ ಒನಕೆಗಳೂ ಪಾದರಸ ಸವರಿದ ತಾಮ್ರದ ಫಲಕಗಳೂ ಬಂದವು. ಪಾದರಸಕ್ಕೆ ಅಂಟದ ಚಿನ್ನ ಮರಳಿನೊಡನೆ ಹೊರಬೀಳುತ್ತಿತ್ತು. ೧೮೮೭ರಲ್ಲಿ ಗ್ಲಾಸ್ಗೋ ನಗರದಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು ಸೈನೈಡ್ ವಿಧಾನವನ್ನು ಕಂಡುಹಿಡಿದರು. ತೆಳುವಾದ ಸೈನೈಡ್ ದ್ರಾವಣವು ಗಾಳಿಯ ನೆರವಿನಿಂದ ಚಿನ್ನವನ್ನು ಕರಗಿಸುತ್ತದೆ. ಅದನ್ನು ಸತುವಿನ ಮೂಲಕ ಮರಳಿ ಪಡೆಯಬಹುದು. ಈ ವಿಧಾನವು ಕೋಲಾರಕ್ಕೂ ಬಂದಮೇಲೆ ನಿನ್ನೆಯ ಕಸ ಇಂದಿನ ಅದಿರಾಯಿತು. ಕಸವೆಂಬುದು ವಸ್ತುವಿನ ಗುಣವಲ್ಲ, ಆಯಾ ಕಾಲದ ವಿದ್ಯೆಯ ಮಿತಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದರೂ ರಾಶಿ ಬೆಳೆಯಿತು. ಈ ಗಣಿಗಳಿಂದ ಹೊರಬಂದ ಚಿನ್ನ ೮೦೦ ಟನ್ನಿಗೂ ಮಿಗಿಲು. ಉಳಿದಿರುವ ಪುಡಿ ಸುಮಾರು ೩.೩ ಕೋಟಿ ಟನ್. ಭಾಗಿಸಿ ನೋಡಿದರೆ, ಒಂದು ತೊಲ ಚಿನ್ನಕ್ಕೆ ಹೆಚ್ಚುಕಡಿಮೆ ಅರ್ಧ ಟನ್ ಪುಡಿ ಇಂದಿಗೂ ಆ ಊರಿನಲ್ಲಿ ನಿಂತಿದೆ. ಚಿನ್ನ ಹೊರಟುಹೋಯಿತು; ಶೇಷ ಮಾತ್ರ ದುಡಿದವರ ಮನೆಗಳ ಮಗ್ಗುಲಲ್ಲಿ ಉಳಿಯಿತು. ಉತ್ತರ ಆರ್ಕಾಟು ಮೊದಲಾದ ಕಡೆಗಳಿಂದ ಬಂದ ಕಾರ್ಮಿಕರ ಸಂತತಿಯವರು ಇವನ್ನು 'ಸೈನೈಡ್ ಗುಡ್ಡ'ಗಳೆಂದು ಕರೆಯುತ್ತಾರೆ. ಸೈನೈಡು ಬಿಸಿಲುಗಾಳಿಗಳಿಗೆ ಕಾಲಕ್ರಮದಲ್ಲಿ ಬಹುಮಟ್ಟಿಗೆ ವಿಘಟಿಸುತ್ತದೆ. ಆದರೆ ಸಿಲಿಕಾ ಬೆರೆತ ನುಣುಪಾದ ಧೂಳು ವಿಘಟಿಸುವುದಿಲ್ಲ. ಗಾಳಿಯ ದಿನಗಳಲ್ಲಿ ಅದು ಮನೆಯೊಳಗೆ ನುಗ್ಗುತ್ತದೆಂಬುದು ನಿವಾಸಿಗಳ ಬಹುಕಾಲದ ದೂರು.

ಹೊಣೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೆ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೆ ಸೇರಿದವು. ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ಪ್ರತಿಯೊಂದು ಹಸ್ತಾಂತರದಲ್ಲಿಯೂ ಹೊಸ ಒಡೆಯನ ಪಾಲಿಗೆ ಹಿಂದಿನವರ ರಾಶಿಯೂ ಬಂದಿತು. ೨೦೨೪ರ ಜೂನ್ ತಿಂಗಳಲ್ಲಿ ಕರ್ನಾಟಕದ ಸಚಿವ ಸಂಪುಟವು ೧,೦೦೩ ಎಕರೆಗಳಲ್ಲಿ ಹರಡಿರುವ ೧೩ ರಾಶಿಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಕಸವು ಇನ್ನೊಮ್ಮೆ ಅದಿರಾಗುವ ಕಾಲ ಬಂದಿದೆ. ಆದರೆ ಅರೆದ ಪುಡಿಯನ್ನು ಎಷ್ಟು ಸಲ ಸೋಸಿದರೂ ಅದರ ಮೊತ್ತ ಕರಗುವುದಿಲ್ಲ. ಎರಡನೆಯ ಶೇಷವನ್ನು ಎಲ್ಲಿಡುವುದು, ಹೇಗೆ ಮುಚ್ಚುವುದು ಎಂಬುದನ್ನು ಮೊದಲೇ ಗೊತ್ತುಮಾಡದಿದ್ದರೆ, ಹಳೆಯ ತಪ್ಪನ್ನು ಹೊಸ ಯಂತ್ರದಿಂದ ಮಾಡಿದಂತಾದೀತು.

ಬ್ರೆಜಿಲಿನ ಬ್ರುಮಾಡಿನ್ಯೋದಲ್ಲಿ ೨೦೧೯ರಲ್ಲಿ ಕಬ್ಬಿಣದ ಗಣಿಯ ಶೇಷವನ್ನು ತಡೆದಿದ್ದ ಕಟ್ಟೆಯೊಡೆದು ೨೭೦ ಮಂದಿ ಮಡಿದರು. ಮರುವರ್ಷವೇ ಗಣಿಶೇಷಗಳ ನಿರ್ವಹಣೆಗೆ ಜಾಗತಿಕ ಮಾನದಂಡವೊಂದು ರಚಿತವಾಯಿತು. ಅಲ್ಲಿನದು ಹಸಿ ಕೆಸರು, ಕೋಲಾರದ್ದು ಒಣ ಗುಡ್ಡ. ಅಪಾಯದ ಬಗೆ ಬೇರೆ. ಒಂದು ಕ್ಷಣದಲ್ಲಿ ಕೊಲ್ಲುವ ಶೇಷವು ನಿಯಮವನ್ನು ಹುಟ್ಟಿಸಿತು. ನೂರು ವರ್ಷ ಮೆಲ್ಲನೆ ಹಾರಿದ ಧೂಳು ದೂರಾಗಿಯೇ ಉಳಿಯಿತು.

ಹಳೆಯ ಕುಲುಮೆಗಳಿದ್ದೆಡೆ ದೊರೆಯುವ ಕಬ್ಬಿಣದ ಕಿಟ್ಟವನ್ನು ಇತಿಹಾಸಕಾರರು ಆಕರವೆಂದು ಜೋಪಾನಮಾಡುತ್ತಾರೆ. ಕೋಲಾರದ ಗುಡ್ಡಗಳೂ ಅಂತಹ ಆಕರಗಳೇ. ಅವುಗಳನ್ನು ಕದಲಿಸುವ ಮುನ್ನ ಯಾವ ರಾಶಿ ಯಾವ ಗಣಿಯದು, ಯಾವ ಕಾಲದ್ದು, ಯಾರ ಮನೆಗಳ ಎದುರಿನದು ಎಂಬುದನ್ನಾದರೂ ದಾಖಲಿಸಿಡಬೇಕು. ಚಿನ್ನದ ಲೆಕ್ಕ ಒಡೆಯರ ಕಡತಗಳಲ್ಲಿದೆ. ದುಡಿದವರ ಪಾಲಿಗೆ ಬಂದುದರ ಲೆಕ್ಕ ಆ ಗುಡ್ಡಗಳಲ್ಲಿದೆ.