ಸಾಣೆಯ ಚಕ್ರದ ಚರಿತ್ರೆ

ಕತ್ತಿಗೆ ಹರಿತವನ್ನೂ ರತ್ನಕ್ಕೆ ಕಾಂತಿಯನ್ನೂ ಕೊಡತಕ್ಕದ್ದು ಸಾಣೆ. ಕತ್ತಿಯನ್ನು ಹಿಡಿದ ವೀರರ ಚರಿತ್ರೆಯೂ ರತ್ನವನ್ನು ಧರಿಸಿದ ಅರಸರ ಚರಿತ್ರೆಯೂ ನಮಗೆ ಬೇಕಾದಷ್ಟು ದೊರೆಯುತ್ತವೆ. ಸಾಣೆಗೂ ಒಂದು ಚರಿತ್ರೆಯುಂಟು. ಅದನ್ನು ತಿರುಗಿಸಿದವರ ಬಾಳೂ ಅದರಲ್ಲಿ ಸೇರಿದೆ.

ಸಾಣೆಯ ಚಕ್ರದಲ್ಲಿ ಮುಖ್ಯವಾದ ಅಂಗಗಳು ಎರಡು: ಸವೆಸುವ ಕಣ, ಕಣಗಳನ್ನು ಹಿಡಿದಿಡುವ ಅಂಟು. ಕಣವು ತಾನು ಸವೆಸುವ ವಸ್ತುವಿಗಿಂತ ಗಡುಸಾಗಿರಬೇಕು. 1812ರಲ್ಲಿ ಮೋಸ್ ಎಂಬ ಜರ್ಮನ್ ವಿದ್ವಾಂಸನು ಏರ್ಪಡಿಸಿದ ಗಡಸುತನದ ಶ್ರೇಣಿಯಲ್ಲಿ ಬೆಣಚುಕಲ್ಲಿಗೆ 7, ಕುರುವಿಂದಕ್ಕೆ 9, ವಜ್ರಕ್ಕೆ 10 ಎಂದು ಸ್ಥಾನವಿದೆ.

ಈ ಕುರುವಿಂದವು ನಮ್ಮ ನಾಡಿಗೆ ಹಳೆಯ ಪರಿಚಯದ ಕಲ್ಲು. ತಮಿಳಿನ 'ಕುರುಂದಂ' ಎಂಬ ಶಬ್ದವೇ ಇಂಗ್ಲಿಷಿನಲ್ಲಿ 'ಕೊರಂಡಂ' ಆಯಿತು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬಾತನು ಲಂಡನಿನ ರಾಯಲ್ ಸೊಸೈಟಿಯ ಮುಂದೆ ಈ ಕಲ್ಲನ್ನು ಕುರಿತು ಪ್ರಬಂಧವನ್ನಿಟ್ಟನು. ಅದಕ್ಕೆ ಎಷ್ಟೋ ಮೊದಲೇ ನಮ್ಮ ರತ್ನಕಾರರು ಕುರುವಿಂದದ ಪುಡಿಯನ್ನು ಕಾಯಿಸಿದ ಅರಗಿನಲ್ಲಿ ಕಲಸಿ, ಬಿಲ್ಲೆಯಾಗಿ ಅಚ್ಚು ಹಾಕಿ, ಬಿಲ್ಲಿನ ದಾರದಿಂದ ತಿರುಗಿಸಿ ಹರಳುಗಳನ್ನು ಸಾಣೆ ಹಿಡಿಯುತ್ತಿದ್ದರು. ಕಣವನ್ನು ಬೇರೆಯಾಗಿ, ಅಂಟನ್ನು ಬೇರೆಯಾಗಿ ಆರಿಸಿಕೊಂಡು ಚಕ್ರವನ್ನು ಕಟ್ಟುವ ವಿದ್ಯೆ ಅದು. ನುಣುಪಾದ ಕೆಲಸಕ್ಕೆ ಅರಗಿನ ಚಕ್ರಗಳು ಇಂದಿಗೂ ಬಳಕೆಯಲ್ಲಿವೆ.

ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿಯಾದರೋ, ಚೂರಿ ಕತ್ತರಿಗಳನ್ನು ಮರಳುಗಲ್ಲಿನ ದೊಡ್ಡ ಚಕ್ರಗಳ ಮೇಲೆ ಮಸೆಯುತ್ತಿದ್ದರು. ಮರಳುಗಲ್ಲೆಂದರೆ ಬಹುಪಾಲು ಬೆಣಚಿನ ಕಣಗಳೇ. ಚಕ್ರ ಸವೆದಂತೆ ಆ ಧೂಳು ಕೆಲಸಗಾರನ ಶ್ವಾಸಕೋಶವನ್ನು ಸೇರಿತು. ನೀರು ಹಾಕದೆ ಮಸೆಯುವವರು ಸರಾಸರಿ 35 ವರ್ಷ ಬದುಕುವುದೂ ಕಷ್ಟ, ನೀರಿನಲ್ಲಿ ಮಸೆಯುವವರು 45ನ್ನು ದಾಟುವುದು ವಿರಳ ಎಂದು ಎಂಗೆಲ್ಸ್ 1845ರ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಧೂಳನ್ನು ಹೊರಕ್ಕೆ ಸೆಳೆಯುವ ಸಾಧನವೊಂದು ಬಂದಾಗ ಕೆಲಸಗಾರರೇ ಅಲ್ಲಲ್ಲಿ ಅದನ್ನು ಒಡೆದುಹಾಕಿದರಂತೆ. ಅಪಾಯ ಕಡಮೆಯಾದರೆ ಜನ ಹೆಚ್ಚು ಬಂದಾರು, ಕೂಲಿ ಇಳಿದೀತು ಎಂಬುದು ಅವರ ಭಯ. ಆಯುಷ್ಯವನ್ನು ಒತ್ತೆಯಿಟ್ಟು ಕೂಲಿಯನ್ನು ಉಳಿಸಿಕೊಳ್ಳಬೇಕಾಗಿದ್ದ ಬಡತನ ಎಂತಹದಿರಬೇಕು!

1891ರಲ್ಲಿ ಅಮೆರಿಕಾದ ಎಡ್ವರ್ಡ್ ಆಚೆಸನ್ ಜೇಡಿಮಣ್ಣನ್ನೂ ಕೋಕಿನ ಪುಡಿಯನ್ನೂ ವಿದ್ಯುತ್ತಿನಿಂದ ಕಾಯಿಸಿದಾಗ ಹೊಳೆಯುವ ಹರಳುಗಳು ದೊರೆತವು. ಇಂಗಾಲವೂ ಕುರುವಿಂದವೂ ಕೂಡಿದುವೆಂದು ಬಗೆದು ಆತನು ಅದಕ್ಕೆ 'ಕಾರ್ಬೊರಂಡಂ' ಎಂದು ಹೆಸರಿಟ್ಟನು. ವಾಸ್ತವವಾಗಿ ಅದು ಸಿಲಿಕನ್ ಕಾರ್ಬೈಡ್. ನಮ್ಮ ಕಲ್ಲಿನ ಹೆಸರು ಮಾತ್ರ ಅದರಲ್ಲಿ ಉಳಿಯಿತು. ಕೆಲವೇ ವರ್ಷಗಳಲ್ಲಿ ಬಾಕ್ಸೈಟ್ ಅದಿರನ್ನು ಕರಗಿಸಿ ಕೃತಕ ಕುರುವಿಂದವನ್ನೂ ಪಡೆದರು. ಬೀಡಿಗೂ ಗಾಜಿಗೂ ಕಲ್ಲಿಗೂ ಮೊದಲನೆಯದು, ಉಕ್ಕಿಗೆ ಎರಡನೆಯದು ಒಪ್ಪುತ್ತದೆ. 1950ರ ದಶಕದಲ್ಲಿ ಕೃತಕ ವಜ್ರವೂ, ವಜ್ರದ ಸಮೀಪದ ಗಡಸುತನವುಳ್ಳ ಬೋರಾನ್ ನೈಟ್ರೈಡೂ ಇವುಗಳೊಡನೆ ಸೇರಿದುವು.

ಅಂಟಿನ ಧರ್ಮವೂ ಸ್ವಾರಸ್ಯವಾದುದು. ಗಡುಸು ವಸ್ತುವಿಗೆ ಸಡಿಲವಾದ ಅಂಟಿನ ಚಕ್ರವೂ, ಮೃದುವಾದುದಕ್ಕೆ ಬಿಗಿಯಾದ ಅಂಟಿನದೂ ಬೇಕು. ಗಡುಸು ಉಕ್ಕಿನ ಮೇಲೆ ಕಣ ಬೇಗ ಮೊಂಡಾಗುತ್ತದೆ. ಆಗ ಅದು ಕಳಚಿಕೊಂಡು ಹೊಸ ಕಣಕ್ಕೆ ಎಡೆಗೊಡಬೇಕು.

ಮರಳುಗಲ್ಲಿನ ಸ್ಥಾನಕ್ಕೆ ಕೃತಕ ಚಕ್ರ ಬಂದುದರಿಂದ ಉಕ್ಕನ್ನು ಮಸೆಯುವವನ ಅಪಾಯವು ಬಹುಮಟ್ಟಿಗೆ ಕಡಮೆಯಾಯಿತು. ಆದರೆ ಮಸೆಯುವ ವಸ್ತುವೇ ಬೆಣಚಿನ ಜಾತಿಯದಾದರೆ? ಗುಜರಾತಿನ ಖಂಭಾತಿನಲ್ಲಿ ಅಕೀಕು ಕಲ್ಲನ್ನು ಸಾಣೆ ಹಿಡಿಯುವವರನ್ನು ಸಿಲಿಕೋಸಿಸ್ ವ್ಯಾಧಿಯು ಇಂದಿಗೂ ಬಾಧಿಸುತ್ತಿದೆ. ಆ ಮಣಿಗಳ ಹೊಳಪನ್ನು ಮೆಚ್ಚುವ ನಾವು, ಅದನ್ನು ತಂದುಕೊಟ್ಟವರ ಉಸಿರಿನ ಲೆಕ್ಕವನ್ನೂ ಕೇಳುವುದು ನ್ಯಾಯ.